ಬೆಳಿಗ್ಗೆ ತಿಂಡಿ ಮಾಡಿದ್ದು ಯಾರು?

ಮಂಗಳವಾರ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದ ದಿನ. ಮಾನಸಿಕ ಕಾಯಿಲೆಯವರನ್ನು ನೋಡಲು ಮನೋವೈದ್ಯರು ಬರುತ್ತಾರೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮಾತ್ರೆ ತಪ್ಪಿಸಿಲ್ಲ ತಾನೆ ಎಂದು ಕೇಳುತ್ತಾರೆ. ಅಮ್ಮ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಸ್ಕೂಲ್ ಯೂನಿಫಾರ್ಮಿನಲ್ಲೇ ನಿಂತ ಹುಡುಗಿ ಉತ್ತರ ಕೊಡುವುದುಂಟು. ಯಾವ ಮಾತ್ರೆ ಅರ್ಧ, ಯಾವುದು ಇಡೀ, ಯಾವುದು ಮೊನ್ನೆಗೇ ಮುಗಿದುಹೋಯಿತು, ಎಲ್ಲ ಅವಳಿಗೆ ಬಾಯಿಪಾಠ. ‘ಭಾಳ ಜಾಣೆ’ ಎಂದು ನರ್ಸಮ್ಮ ತಲೆ ಸವರುತ್ತಾರೆ. ಈ ಹೊತ್ತಿನಲ್ಲಿ ನೀನು ಕ್ಲಾಸಿನಲ್ಲಿರಬೇಕಿತ್ತಲ್ಲವಾ ಎಂದು ಕೇಳುವವರು ಅಪರೂಪ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆ ಹೊತ್ತಿಗೆ ಶೇ 10.6ರಷ್ಟು ವಯಸ್ಕರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇವರಲ್ಲಿ ಎಷ್ಟೋ ಮಂದಿ ಯಾರದೋ ಅಪ್ಪ, ಯಾರದೋ ಅಮ್ಮ.

ಕಾಯಿಲೆ ದೊಡ್ಡವರದಾದರೂ ಅದು ಬಂದು ಕೂರುವುದು ಮಗುವಿನ ದಿನಚರಿಯಲ್ಲಿ. ಅದೂ ಒಂದೊಂದು ಕಾಯಿಲೆ ದಿನದ ಒಂದೊಂದು ಹೊತ್ತನ್ನು ಕಿತ್ತುಕೊಳ್ಳುತ್ತದೆ. ತೀವ್ರ ಖಿನ್ನತೆ ಇರುವ ಅನೇಕರಿಗೆ ಬೆಳಗಿನ ಜಾವವೇ ಅತಿ ಕಷ್ಟದ ಹೊತ್ತು, ಸಂಜೆಯಾದಂತೆ ಮನಸ್ಸು ತುಸು ಹಗುರಾಗುತ್ತದೆ. ನೆಂಟರು ಬರುವುದು ಸಂಜೆ. ‘ಚೆನ್ನಾಗೇ ಇದ್ದಾಳಲ್ಲ, ಏನಾಗಿದೆ ಇವಳಿಗೆ’ ಎಂದು ಕಾಫಿ ಕುಡಿದು ಹೋಗುತ್ತಾರೆ. ಬೆಳಿಗ್ಗೆ ಏಳು ಗಂಟೆಗೆ ಆ ಮನೆಯ ಒಲೆ ಹಚ್ಚಿದ್ದು, ತಮ್ಮನ ಶರ್ಟಿನ ಗುಂಡಿ ಹಾಕಿದ್ದು, ತನ್ನ ಜಡೆಯನ್ನು ತಾನೇ ಸೊಟ್ಟಗೆ ಹೆಣೆದುಕೊಂಡದ್ದು ಮಗುವಿಗೆ ಮಾತ್ರ ಗೊತ್ತು.

ಸಂಶಯದ ಕಾಯಿಲೆಯಾದರೆ ಹೋಗುವುದು ಸಂಜೆಯ ಆಟ. ಪಕ್ಕದ ಮನೆಯವರು ಕೊಟ್ಟದ್ದನ್ನು ತಿನ್ನಬೇಡ, ಹೊರಗೆ ಹೋಗಬೇಡ, ಕಿಟಕಿ ತೆಗೆಯಬೇಡ. ಗೆಳತಿಯರು ಬಾಗಿಲಿಗೆ ಬಂದು ಕರೆದರೆ ‘ಹೋಂವರ್ಕ್ ಇದೆ’ ಎಂಬ ಸುಳ್ಳು. ಮಡಿ-ಮೈಲಿಗೆಯ ಹಾಗೆ ಕಾಣುವ ಗೀಳು ಕಾಯಿಲೆಯಿದ್ದರೆ ಸ್ಕೂಲಿನಿಂದ ಬಂದ ಮಗು ಹಿತ್ತಲಲ್ಲೇ ನಿಂತು ಸ್ನಾನ ಮಾಡಬೇಕು, ಚೀಲ ಒರೆಸಬೇಕು, ಒಣಗಿದ ಯೂನಿಫಾರ್ಮನ್ನೇ ಮತ್ತೆ ನೆನೆಹಾಕಬೇಕು. ಉನ್ಮಾದದ ದಿನಗಳಲ್ಲಿ ಅಪ್ಪ ನಡುರಾತ್ರಿ ಎಬ್ಬಿಸಿ ಮನೆಯನ್ನೆಲ್ಲ ಅಡಿಮೇಲು ಮಾಡಿಸುತ್ತಾನೆ, ಮಾರನೇ ದಿನ ಮಗ ಗಣಿತದ ಪೀರಿಯಡ್ಡಿನಲ್ಲಿ ತೂಕಡಿಸುತ್ತಾನೆ. ಮೇಷ್ಟ್ರು ಬರೆಯುವುದು ‘ಗಮನ ಸಾಲದು’ ಎಂದು.

ಮನೆಗೆಲಸ ಮಾಡುವ ಮಕ್ಕಳನ್ನೆಲ್ಲ ಕಂಡು ಅಯ್ಯೋ ಪಾಪ ಅನ್ನುವ ಜಾತಿ ನನ್ನದಲ್ಲ. ನೀರು ಸೇದಿ, ಸೊಪ್ಪು ಸೋಸಿ, ತಮ್ಮಂದಿರನ್ನು ಎತ್ತಿಕೊಂಡು ಬೆಳೆದವರೇ ನಾವು. ಆದರೆ ನಮಗೆ ಆಟದ ಕರೆ ಬಂದರೆ ಸೊಪ್ಪಿನ ಮೊರವನ್ನು ಅಲ್ಲೇ ಬಿಟ್ಟು ಓಡಬಹುದಿತ್ತು, ಬೈಗುಳವಷ್ಟೇ ಅದರ ಬೆಲೆ. ಈ ಮಗು ಹಾಗೆ ಓಡಲಾರದು. ಅದು ಸ್ಕೂಲಿನಲ್ಲಿ ಕೂತಾಗಲೂ ಮನೆಯನ್ನು ಕಾಯುತ್ತಿರುತ್ತದೆ. ಬಿಸಿಯೂಟದ ಬಿಡುವಿನಲ್ಲಿ ತಟ್ಟೆ ತೊಳೆದವಳೇ ಮನೆಗೆ ಓಡಿ, ಅಮ್ಮ ಇದ್ದಾಳಾ ಎಂದು ಬಾಗಿಲ ಸಂದಿಯಲ್ಲಿ ನೋಡಿ, ಬೆಲ್ ಹೊಡೆಯುವಷ್ಟರಲ್ಲಿ ವಾಪಸ್ ಬರುವ ಹುಡುಗಿಗೆ ಊಟ ಮೈಗೆ ಹತ್ತುವುದಾದರೂ ಹೇಗೆ?

ಶಾಲೆಯ ಕಣ್ಣಿಗೆ ಬೀಳುವುದು ಗಲಾಟೆ ಮಾಡುವ ಮಗು. ತಂಟೆಯಿಲ್ಲದ, ಡೈರಿಗೆ ತಾನೇ ಅಮ್ಮನ ಸಹಿ ಹಾಕಿಕೊಂಡು ಬರುವ, ಒಳ್ಳೆ ಮಾರ್ಕ್ಸ್ ತೆಗೆಯುವ ಮಗು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹಾಜರಿ ಪುಸ್ತಕ ಮಾತ್ರ ಸುಳ್ಳು ಹೇಳದು. ತಿಂಗಳಿಗೊಮ್ಮೆ ಅದೇ ವಾರ ಗೈರುಹಾಜರಾದರೆ ಅದು ಮಾತ್ರೆ ತರುವ ದಿನವಿರಬಹುದು. ಆಗಲೂ ‘ನಿಮ್ಮಮ್ಮನಿಗೆ ಏನು ಕಾಯಿಲೆ’ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ‘ಹುಷಾರಿಲ್ಲ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ‘ಇವತ್ತು ತಿಂಡಿ ಯಾರು ಮಾಡಿದ್ರು ಪುಟ್ಟಿ?’ ಎಂದು ಕೇಳಿದರೆ ಹೇಳುತ್ತದೆ.

ಅಮ್ಮಂದಿರ ಭಯವೂ ಸುಳ್ಳಲ್ಲ. ‘ತಲೆ ಸರಿಯಿಲ್ಲದವಳು’ ಎಂಬ ಒಂದು ಮಾತು ಹಿಡಿದು ಮಗುವನ್ನು ಕಿತ್ತುಕೊಂಡು ತವರಿಗೆ ಅಟ್ಟುವ ಮನೆಗಳಿವೆ. ಹಾಗಾಗಿ ಎಷ್ಟೋ ತಾಯಂದಿರು ಮಕ್ಕಳ ವಿಷಯ ಬಂದರೆ ‘ಏನೂ ತೊಂದರೆಯಿಲ್ಲ’ ಎಂದುಬಿಡುತ್ತಾರೆ. ಕಾನೂನು ಇಲ್ಲಿ ಸ್ವಲ್ಪ ದೂರ ಜೊತೆಗೆ ಬಂದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ, ಆಸ್ಪತ್ರೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸುವಂತಿಲ್ಲ. ನಿಮ್ಹಾನ್ಸ್‌ನಲ್ಲಿ 2009ರಿಂದಲೇ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಾರ್ಡ್ ಇದೆ. ಆದರೆ ಮಗುವಿಗೆ ಒಂಬತ್ತಾದರೆ, ಹನ್ನೆರಡಾದರೆ? ನಾರ್ವೆಯಲ್ಲಿ 2010ರಿಂದ, ಕಾಯಿಲೆಯವರಿಗೆ ಅಪ್ರಾಪ್ತ ಮಕ್ಕಳಿದ್ದರೆ ಅವರ ಅಗತ್ಯಗಳನ್ನು ವಿಚಾರಿಸುವುದು ಆಸ್ಪತ್ರೆಯ ಸಿಬ್ಬಂದಿಗೆ ಕಾನೂನಿನ ಕರ್ತವ್ಯ. ನಮ್ಮಲ್ಲಿ ಅದು ವೈದ್ಯರ ಒಳ್ಳೆಯತನಕ್ಕೆ ಬಿಟ್ಟ ವಿಷಯ.

ಬಂಧುಗಳಿಗೆ ಹೊಳೆಯುವ ಉಪಾಯ ಒಂದೇ: ಮಗುವನ್ನು ಹಾಸ್ಟೆಲಿಗೋ ಅಜ್ಜಿ ಮನೆಗೋ ಕಳಿಸುವುದು. ಕೆಲವೊಮ್ಮೆ ಅದು ಬೇಕಾಗುತ್ತದೆ, ಮನೆಯಲ್ಲಿ ಹೊಡೆತ-ಬಡಿತ ಇದ್ದರಂತೂ ಖಂಡಿತ. ಉಳಿದಂತೆ, ಓಣಿಯಾಚೆಯ ಚಿಕ್ಕಮ್ಮ ಬೆಳಿಗ್ಗೆ ಏಳರಿಂದ ಎಂಟೂವರೆ ತನಕ ಬಂದು ನಿಂತರೆ ಸಾಕಾಗುವ ಮನೆಗಳು ಬಹಳ. ಅಮ್ಮನ ಕಾಯಿಲೆ ನಿನ್ನಿಂದ ಬಂದದ್ದಲ್ಲ, ನೀನು ವಾಸಿ ಮಾಡಬೇಕಾದ್ದೂ ಅಲ್ಲ ಎಂದು ಬಾಯಿಬಿಟ್ಟು ಹೇಳುವ ಕೆಲಸವೂ ಆ ಚಿಕ್ಕಮ್ಮನಿಂದಲೇ ಆಗಬೇಕು. ಯಾರೂ ಹೇಳದಿದ್ದರೆ, ತಾನು ಹಟ ಮಾಡಿದ್ದಕ್ಕೇ ಅಮ್ಮ ಹೀಗಾದಳು ಎಂದು ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ಹೇಗೆ ಹೇಳಬೇಕೆಂದು ತಿಳಿಯದವರು 14416ಕ್ಕೆ, ಟೆಲಿ ಮನಸ್ ಸಹಾಯವಾಣಿಗೆ, ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಎನ್ನದೆ.

ಮಕ್ಕಳ ಬಗ್ಗೆ ವಿಚಾರಿಸುವುದರಿಂದ ಡಾಕ್ಟರಿಗೂ ಲಾಭವಿದೆ. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆ ಒಂಬತ್ತರ ತನಕ ಇಳಿಯುತ್ತಿಲ್ಲ, ಮಕ್ಕಳು ಹಸಿದು ಹೋಗುತ್ತಿದ್ದಾರೆ ಎಂದು ಗೊತ್ತಾದರೆ, ಅದನ್ನು ಮಲಗುವ ಹೊತ್ತಿನ ಬದಲು ಸಂಜೆಯೇ ಕೊಡಬಹುದೇ, ಪ್ರಮಾಣ ತಗ್ಗಿಸಬಹುದೇ ಎಂದು ಅವರು ಯೋಚಿಸಿಯಾರು. ಆ ನಿರ್ಧಾರ ಅವರದೇ, ಮನೆಯವರು ತಾವಾಗಿ ಬದಲಿಸುವಂಥದ್ದಲ್ಲ. ಆದರೆ ಸಂಗತಿ ಅವರ ಕಿವಿಗೆ ಬೀಳಬೇಕಲ್ಲ.