ನಾಗಪುರ ಎಷ್ಟು ದೂರ?

ಬೆಂಗಳೂರಿನಿಂದ ನಾಗಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 920 ಕಿ.ಮೀ. ವಿಮಾನಕ್ಕೆ ಎರಡು ಗಂಟೆಯೂ ಬೇಡ. ಕಲಬುರಗಿಯಿಂದ ಅದೇ ಗೆರೆ 500 ಕಿ.ಮೀ. ಮುಟ್ಟುವುದಿಲ್ಲ, ಆದರೂ ನಾಗಪುರದ ಬೌದ್ಧ ಯಾತ್ರಾಸ್ಥಳ ದೀಕ್ಷಾಭೂಮಿಗೆಂದು ಅಲ್ಲಿಂದ ಬಸ್ಸು ಹತ್ತಿದವರಿಗೆ ಇಡೀ ರಾತ್ರಿ ದಾರಿಯಲ್ಲೇ ಕಳೆಯುತ್ತದೆ. ಹಾಗಾದರೆ ನಾಗಪುರಕ್ಕೆ ಹತ್ತಿರದ ಊರು ಯಾವುದು?

ಕನ್ನಡದ ಮಾತು ಈ ತೊಡಕನ್ನು ಹಿಂದಿನಿಂದಲೂ ಬಲ್ಲದು. ಕೂಗಳತೆ ಎಂದಾಗ ನೆಲವನ್ನು ಅಳೆಯುವುದು ಮನುಷ್ಯನ ದನಿ; ಒಂದು ದಿನದ ದಾರಿ ಎಂದಾಗ ಅವನ ಕಾಲ್ನಡಿಗೆ. ನಾಗಪುರದ ಝೀರೋ ಮೈಲ್ ಕಲ್ಲುಕಂಬ ಬೇರೆ ಬಗೆಯದು. ಬ್ರಿಟಿಷರ ಕಾಲದ ಆ ಗುರುತಿಗೆ ನಡೆಯುವವನ ಹಂಗಿಲ್ಲ, ಮೈಲಿಯ ಲೆಕ್ಕವಷ್ಟೇ ಸಾಕು.

ವೈಶೇಷಿಕ ದರ್ಶನದವರು ದೂರದ ಈ ತೊಡಕನ್ನು ಬಿಡಿಸಿ ನೋಡಿದರು. ಅವರ ಒಂಬತ್ತು ದ್ರವ್ಯಗಳಲ್ಲಿ ದಿಕ್ಕು ಒಂದು, ಕಾಲ ಇನ್ನೊಂದು. ದೂರ ಮತ್ತು ಸಾಮೀಪ್ಯ, ಅಂದರೆ ಪರತ್ವ ಮತ್ತು ಅಪರತ್ವ, ಗುಣಗಳು. ದಿಕ್ಕಿನಿಂದ ಹುಟ್ಟಿದ ಪರತ್ವ ವಸ್ತುವನ್ನು ದೂರದ್ದಾಗಿಸುತ್ತದೆ, ಕಾಲದಿಂದ ಹುಟ್ಟಿದ್ದು ಹಿರಿಯದಾಗಿಸುತ್ತದೆ. ಎರಡೂ ಮೂಡುವುದು ಒಂದರ ಪಕ್ಕ ಇನ್ನೊಂದನ್ನಿಟ್ಟು ತೂಗುವ ಅಪೇಕ್ಷಾಬುದ್ಧಿಯಿಂದ. ನೋಡುವವನಿಲ್ಲದೆ ಹತ್ತಿರವೆಂಬುದೂ ಇಲ್ಲ ಎಂಬಲ್ಲಿಗೆ ಅವರು ಬಂದಿದ್ದರು. ಇದು ಸಣ್ಣ ಮಾತಲ್ಲ. ಆದರೆ ಪ್ರಯಾಣದ ಅವಧಿ ಈ ಎರಡು ಪರತ್ವಗಳಲ್ಲಿ ಯಾವುದೊಂದಕ್ಕೂ ಸೇರದು. ಅದು ಚಲನೆಯದ್ದು, ಅವರ ಮಾತಿನಲ್ಲಿ ಕರ್ಮದ್ದು.

ಚಲನೆಯನ್ನೇ ಪ್ರಶ್ನಿಸಿದವನು ಬೌದ್ಧ ದಾರ್ಶನಿಕ ನಾಗಾರ್ಜುನ. ನಾಗಪುರದಿಂದ 50 ಕಿ.ಮೀ. ಆಸುಪಾಸಿನ ರಾಮಟೇಕದ ಗುಡ್ಡವೊಂದಕ್ಕೆ ಇಂದಿಗೂ ಅವನ ಹೆಸರಿದೆ, ವಿದರ್ಭ ಅವನ ನಾಡೆಂಬುದು ಪರಂಪರೆಯ ನಂಬಿಕೆ. ಮೂಲಮಧ್ಯಮಕಕಾರಿಕೆಯ ಎರಡನೆಯ ಪ್ರಕರಣದಲ್ಲಿ ಅವನ ತರ್ಕ ಹೀಗೆ ಸಾಗುತ್ತದೆ: ನಡೆದು ಮುಗಿದ ದಾರಿಯಲ್ಲಿ ಈಗ ನಡಿಗೆಯಿಲ್ಲ, ಇನ್ನೂ ನಡೆಯದ ದಾರಿಯಲ್ಲೂ ಇಲ್ಲ, ಇವೆರಡನ್ನು ಬಿಟ್ಟು ನಡೆಯುತ್ತಿರುವ ದಾರಿ ಎಂಬ ಮೂರನೆಯದು ಸಿಗುವುದಿಲ್ಲ. ನಡೆಯುವವನೂ ನಡಿಗೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಬಸ್ಸು ಊರು ಮುಟ್ಟುವುದು ಸುಳ್ಳೆಂದು ಇದರ ಅರ್ಥವಲ್ಲ. ವ್ಯವಹಾರದ ಸತ್ಯಕ್ಕೆ ಅವನಲ್ಲಿ ಜಾಗವಿದೆ. ದಾರಿ, ದಾರಿಗ, ನಡಿಗೆ ಮೂರೂ ಒಂದನ್ನೊಂದು ಆತುಕೊಂಡಿವೆ, ಯಾವುದಕ್ಕೂ ಸ್ವಂತ ನೆಲೆಯಿಲ್ಲ ಎಂಬುದಷ್ಟೇ ಅವನ ವಾದ. ಹೀಗೆ ನೋಡಿದರೆ ಎಷ್ಟು ದೂರ ಎಂಬ ಪ್ರಶ್ನೆಗೆ ಯಾರಿಗೆ ಎಂದು ಕೇಳದೆ ಉತ್ತರಿಸಲಾಗದು.

ಕಾಲದ ಪರತ್ವಕ್ಕೂ ಇದು ಸಲ್ಲುತ್ತದೆ. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ಲಕ್ಷಾಂತರ ಜನರೊಡನೆ ನಾಗಪುರದ ದೀಕ್ಷಾಭೂಮಿಯಲ್ಲಿ ಬೌದ್ಧ ದೀಕ್ಷೆ ಪಡೆದರು. ಈ ಊರೇ ಏಕೆ ಎಂಬುದಕ್ಕೆ ಮರುದಿನದ ಭಾಷಣದಲ್ಲಿ ಅವರು ಕೊಟ್ಟ ಕಾರಣ, ಬುದ್ಧನ ಧರ್ಮವನ್ನು ಹಿಂದೆ ಹಬ್ಬಿಸಿದ ನಾಗ ಜನರ ನೆಲ ಇದು ಎಂಬುದು. ಶತಮಾನಗಳಾಚೆಯ ಆ ನಾಗರನ್ನು ಅವರು ಮುಂದೆ ಕುಳಿತವರ ಹಿರಿಯರೆಂದು ಕಂಡರು. ಕಲಬುರಗಿಯ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ ತಾಯಿ ಹೊರಟಿರುವುದು ಆ ನೆಲಕ್ಕೆ.