ಹಳೆಯದೆಂದು ಹೇಳುವವರು ಯಾರು?

ಒಂದು ವಸ್ತು ಹಳೆಯದಾಯಿತು ಎಂದು ತೀರ್ಮಾನಿಸುವ ಅಧಿಕಾರ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಹೆಂಗಸರದು. ಸೀರೆ ಸವೆದರೆ ಕೌದಿಯ ಪದರಾಗುತ್ತದೆ, ಕೌದಿ ಹರಿದರೆ ಒರಸುವ ಬಟ್ಟೆಯಾಗುತ್ತದೆ, ಅದೂ ಮುಗಿದ ಮೇಲೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಯಾವ ಹಂತ ಯಾವಾಗ ಬಂತೆಂಬುದು ಮನೆಯೊಡತಿಯ ಕೈಗೆ ಗೊತ್ತು. ಆ ಸೀರೆ ನೇಯ್ದವನು ಬನಹಟ್ಟಿಯಿಂದ ಜಮಖಂಡಿಗೆ ಬಂದು, “ಹತ್ತು ವರ್ಷ ಆತ್ರಿ ಅಕ್ಕೋರ, ಇನ್ನ ಇದನ್ನ ಉಡಬ್ಯಾಡ್ರಿ” ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಈ ಅಧಿಕಾರ ನಮ್ಮ ಕೈಯಲ್ಲಿಲ್ಲ. ಬಹುಪಾಲು ಮನೆ, ಶಾಲೆ, ಅಂಗಡಿಗಳಲ್ಲಿದ್ದದ್ದು ವಿಂಡೋಸ್ 10 ಎಂಬ ಕಾರ್ಯಾಚರಣೆ ವ್ಯವಸ್ಥೆ. 2015ರ ಜುಲೈನಲ್ಲಿ ಬಂದ ಅದಕ್ಕೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಬೆಂಬಲ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ. ಮರುದಿನವೂ ಅದು ಹಾಗೆಯೇ ತೆರೆದುಕೊಳ್ಳುತ್ತದೆ. ಆದರೆ ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಮುಚ್ಚುವುದಕ್ಕೆ ಗೌಂಡಿ ಬರುವುದಿಲ್ಲ. ಬಿರುಕಿನಿಂದ ಕಳ್ಳ ಬಂದರೆ ಅದು ನಿಮ್ಮ ಪಾಡು. ಸರಿ, ಮುಂದಿನ ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರಾದರೆ ಎಂಟನೆಯ ತಲೆಮಾರಿನದು, ಅಂದರೆ ಸುಮಾರು 2017ರ ಕೊನೆಯಿಂದ ಈಚಿನದು ಇರಬೇಕು. ಅದಕ್ಕೂ ಹಿಂದಿನ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ನಿಯಮದ ಪ್ರಕಾರ ಹೊಸಿಲು ದಾಟುವಂತಿಲ್ಲ. ಇನ್ನೂ ಒಂದು ವರ್ಷ, 2026ರ ಅಕ್ಟೋಬರಿನ ತನಕ, ತೇಪೆ ಹಾಕಿಕೊಡುತ್ತೇವೆಂದು ಕಂಪನಿ ಹೇಳಿದ್ದುಂಟು. ತೇಪೆಯ ಅವಧಿ ಎಷ್ಟೆಂಬುದನ್ನೂ ಅವರೇ ಹೇಳಬೇಕು.

ಕಂಪನಿಯ ಕಡೆಗೂ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಹತ್ತು ವರ್ಷ ಸಣ್ಣ ಅವಧಿಯಲ್ಲ. ಹಿಂದಿನದನ್ನೆಲ್ಲ ಎಂದೆಂದಿಗೂ ಹೊತ್ತುಕೊಂಡು ನಡೆ ಎಂದು ಯಾರಿಗೂ ಅಪ್ಪಣೆ ಮಾಡಲಾಗದು. ಹೊಸ ಚಿಪ್ಪಿನಿಂದ ಭದ್ರತೆ ಹೆಚ್ಚುತ್ತದೆ ಎಂಬುದೂ ನಿಜವೇ. ಮುಧೋಳದಲ್ಲಿ ಒಂದು ಸಹಕಾರಿ ಸಂಘದ ಕಚೇರಿಯಲ್ಲಿರುವ ನಮ್ಮ ನಾದಿನಿಯಂತೂ ನನ್ನ ಮಾತು ಕೇಳಿ ನಕ್ಕಳು. “ವೈನಿ, ನಿಮ್ಮದು ಬರೇ ಹಟ. ಫ್ರಿಜ್ ಹಳೇದಾದ್ರ ಹೊಸಾದು ತರೂದಿಲ್ಲೇನು? ನಮ್ಮ ಆಫೀಸಿನ್ಯಾಗ ಎಲ್ಲಾ ಬದಲ್ಸಿದ್ರು. ಎಡಕ್ಕಿದ್ದ ಗುಂಡಿ ನಡುವ ಬಂದೈತಿ, ನಾಕ್ ದಿನ ಕೈ ಎಡವತೈತಿ, ಆಮ್ಯಾಲ ರೂಢಿ ಆಗತೈತಿ.” ಅವಳ ಮಾತಿನಲ್ಲಿ ತೂಕವಿದೆ. ಆದರೆ ಅವಳ ಆಫೀಸಿನಲ್ಲಿ ದುಡ್ಡು ಕೊಟ್ಟದ್ದು ಸಂಘ. ರೂಢಿಯಾಗುವ ತನಕ ಕೆಲಸ ನಿಧಾನವಾದರೂ ತಿಂಗಳ ಕೊನೆಗೆ ಅವಳ ಸಂಬಳ ಬಂತು.

ಬನಹಟ್ಟಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯದು ಹಾಗಲ್ಲ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಮದುವೆ ಪತ್ರಿಕೆಯ ಟೈಪಿಂಗ್ ಮಾಡುವ ಸಣ್ಣ ಅಂಗಡಿ ಅವಳದು. ಎರಡು ಕಂಪ್ಯೂಟರ್, ಎರಡೂ ಸೆಕೆಂಡ್ ಹ್ಯಾಂಡ್. ಗಂಡ ಮನೆಯಲ್ಲೇ ವಿದ್ಯುತ್ ಮಗ್ಗ ನಡೆಸುತ್ತಾನೆ. ಕಂಪ್ಯೂಟರ್ ಮಾರುವ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, “ಎರಡೂ ಗುಜರಿಗೆ ಹಾಕ್ರಿ, ಎಪ್ಪತ್ತು ಸಾವಿರದಾಗ ಜೋಡಿ ಹೊಸಾವು ಬರ್ತಾವು” ಎಂದರಂತೆ. ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕೋರ, ಚಾಲೂ ಇರೂದನ್ನ ಕೆಟ್ಟೈತಿ ಅಂತ ಹೆಂಗ ಅಂತಾರ್ರಿ?”

ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ್ದೇನೆ. ಇಷ್ಟು ನೇರವಾದ ಪ್ರಶ್ನೆ ತರಗತಿಯಲ್ಲಿ ಅವಳೇ ಎಂದೂ ಕೇಳಿರಲಿಲ್ಲ.

ಅವಳ ಮನೆಯ ಮಗ್ಗ ಅವಳ ಗಂಡನಿಗಿಂತ ವಯಸ್ಸಿನಲ್ಲಿ ದೊಡ್ಡದು. ಎಲ್ಲೋ ದುಡಿದು, ಕೈ ಬದಲಾಯಿಸಿ ಬಂದದ್ದು. ಲಾಳಿ ಸವೆದರೆ ಬಜಾರದಲ್ಲಿ ಇನ್ನೊಂದು ಲಾಳಿ ಸಿಗುತ್ತದೆ, ಹಲ್ಲುಗಾಲಿ ಮುರಿದರೆ ಲೇಥ್ ಅಂಗಡಿಯವನು ಮಾಡಿಕೊಡುತ್ತಾನೆ. ತಯಾರಿಸಿದ ಕಾರಖಾನೆ ಈಗ ಇದೆಯೋ ಇಲ್ಲವೋ ಕೇಳುವವರಿಲ್ಲ. ಮಗ್ಗದ ಗುಟ್ಟೆಲ್ಲ ಕಣ್ಣಿಗೆ ಕಾಣುವಂತಿದೆ. ಸೆರಗಿನ, ಅಂಚಿನ ಚಿತ್ತಾರ ತೆಗೆಯುವ ಜಕಾರ್ಡನ್ನು ನೋಡಿದ್ದೀರಲ್ಲ, ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ್ದು. ಅದರ ರಟ್ಟಿನ ಪಟ್ಟಿಗಳಲ್ಲಿ ತೂತು ಎಲ್ಲಿದೆ, ಎಲ್ಲಿಲ್ಲ ಎಂಬುದೇ ಚಿತ್ತಾರದ ಲೆಕ್ಕ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಲೆಕ್ಕದ ಯಂತ್ರದ ಕನಸು ಕಂಡಾಗ ಈ ತೂತಿನ ಪಟ್ಟಿಯನ್ನೇ ಎರವಲು ತೆಗೆದುಕೊಂಡ. ಆ ಲೆಕ್ಕದಲ್ಲಿ ಕಂಪ್ಯೂಟರು ಮಗ್ಗದ ಮನೆಯ ಕೂಸೇ. ಆದರೆ ಮಗ್ಗದ ಪಟ್ಟಿಯನ್ನು ನೇಕಾರ ಓದಬಲ್ಲ, ಬೇಕಾದರೆ ಬೇರೆ ತೂತು ಹೊಡೆಯಬಲ್ಲ. ವಿಂಡೋಸಿನ ಪಟ್ಟಿ ನಮಗೆ ಕಾಣುವುದಿಲ್ಲ. ನಾವು ದುಡ್ಡು ಕೊಟ್ಟು ತಂದದ್ದು ಪೆಟ್ಟಿಗೆಯನ್ನು. ಅದರೊಳಗಿನ ಜೀವಕ್ಕೆ ನಮಗಿರುವುದು ಬಳಸುವ ಪರವಾನಗಿ ಮಾತ್ರ.

ಇಲ್ಲಿ ನನಗೆ ಬೀಳಗಿ ತಾಲೂಕಿನ ದಿನಗಳು ನೆನಪಾಗುತ್ತವೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಬಂದವರ ಪುನರ್ವಸತಿ ಕೇಂದ್ರವೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೆ. ಹೊಸ ಊರಿನಲ್ಲಿ ರಸ್ತೆ ಅಗಲ, ಮನೆಗಳು ಸಾಲಾಗಿ ನೇರ. ಆದರೂ ಅಲ್ಲಿಯ ಒಬ್ಬ ಅಜ್ಜಿ ಹೇಳುತ್ತಿದ್ದಳು: “ಎಲ್ಲಾ ಐತ್ರಿ. ಆದ್ರ ಕತ್ತಲಾಗ ಕೈಗೆ ಏನೂ ಹತ್ತೂದಿಲ್ಲ.” ಹಳೆಯ ಮನೆಯಲ್ಲಿ ದೀಪವಿಲ್ಲದೆಯೂ ಉಪ್ಪಿನ ಗಡಿಗೆ ಎಲ್ಲಿದೆ ಎಂದು ಕೈಗೆ ತಿಳಿಯುತ್ತಿತ್ತು. ಮುಳುಗಿದ ಊರನ್ನೂ ಪರದೆಯ ಮೇಲೆ ಜಾಗ ಬದಲಿಸಿದ ಗುಂಡಿಯನ್ನೂ ಒಂದೇ ತಕ್ಕಡಿಯಲ್ಲಿಡುವಷ್ಟು ವಿವೇಚನೆಯಿಲ್ಲದವಳು ನಾನಲ್ಲ. ಒಂದು ಊರಿನ ಸಂಕಟ ಬೇರೆ. ಆದರೆ ಕೈ ಕಲಿತದ್ದಕ್ಕೂ ಬೆಲೆಯಿದೆ, ಆ ಬೆಲೆಗೆ ಪರಿಹಾರದ ಪಟ್ಟಿಯಲ್ಲಿ ಕಾಲಮ್ಮೇ ಇರುವುದಿಲ್ಲ ಎಂಬುದನ್ನು ನಾನು ಆ ಅಜ್ಜಿಯಿಂದ ಕಲಿತೆ. ಯಾರೋ ದೂರದಲ್ಲಿ ಕುಳಿತು ತಾರೀಖು ಗೊತ್ತು ಮಾಡುತ್ತಾರೆ, ಹೊಸದಕ್ಕೆ ಹೊಂದಿಕೊಳ್ಳುವ ದುಡಿಮೆ ಇನ್ಯಾರದೋ.

ಬೇರೆ ದಾರಿ ಇದೆ. ನಮ್ಮ ಕಡೆಯ ಶಿಕ್ಷಕಿಯರಿಗೆ ಅದು ಹೊಸದೂ ಅಲ್ಲ. 2011ರ ನಂತರದ ವರ್ಷಗಳಲ್ಲಿ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ನಡೆಸಿದಾಗ ಪ್ರೌಢಶಾಲೆಯ ಎಷ್ಟೋ ಜನ ಶಿಕ್ಷಕರು ಉಬುಂಟು ಎಂಬುದನ್ನು ಮೊದಲು ಕಂಡದ್ದು ಅಲ್ಲಿಯೇ. ಅದು ಮುಕ್ತ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುತ್ತೇನೆಂದು ಸಾರಿದ. ಅದಕ್ಕೆ ಬೇಕಾಗಿದ್ದ ತಿರುಳನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ. ಅದೇ ಲಿನಕ್ಸ್. ಉಬುಂಟು, ಮಿಂಟ್ ಎಲ್ಲ ಅದರ ಮನೆತನದವು. ದುಡ್ಡಿಲ್ಲ ಎಂಬುದಕ್ಕಿಂತ ದೊಡ್ಡ ಮಾತೆಂದರೆ, ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು; ಲೇಥ್ ಅಂಗಡಿಗೆ ಇಲ್ಲಿ ಜಾಗವಿದೆ. ಹಳೆಯ ಯಂತ್ರದ ಮೇಲೂ ಅದು ಓಡುತ್ತದೆ.

ಇಷ್ಟು ತಿಳಿದ ಮೇಲೆ ಆ ಹುಡುಗಿಗೆ “ನೀನೂ ಬದಲಾಯಿಸು” ಎಂದು ಹೇಳುವುದು ಸುಲಭವಿತ್ತು. ಒಂದು ಭಾನುವಾರ ಅವಳ ಒಂದು ಕಂಪ್ಯೂಟರಿಗೆ ಉಬುಂಟು ಹಾಕಿಯೂ ನೋಡಿದೆವು. ಬೇಗನೇ ತೆರೆದುಕೊಂಡಿತು. ಅರ್ಜಿ ತುಂಬುವ ಜಾಲತಾಣಗಳು ನಡೆದವು. ಕೀಲಿಮಣೆಗಳ ಪಟ್ಟಿಯಲ್ಲಿ ನಾವು ನುಡಿಯಲ್ಲಿ ಬಳಸುವ ಕಗಪ ವಿನ್ಯಾಸವೇ ಇದ್ದುದರಿಂದ ಅವಳ ಬೆರಳು ಎಡವಲಿಲ್ಲ. ಆದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಉಬುಂಟುವಿನೊಡನೆ ಮಾತೇ ಆಡಲಿಲ್ಲ. ಇನ್ನು ಹತ್ತು ವರ್ಷದ ಮದುವೆ ಪತ್ರಿಕೆಗಳು, ಜವಳದ ಕಾರ್ಡುಗಳು ಎಲ್ಲ ಹಳೆಯ ನುಡಿಯ ಅಕ್ಷರಗಳಲ್ಲಿ. ಆ ಅಕ್ಷರಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಓದಲಾರದ ಚಿಹ್ನೆಗಳ ರಾಶಿ. ಪರಿವರ್ತಿಸುವ ಉಪಕರಣಗಳಿವೆ; ಪರಿವರ್ತಿಸಿದಾಗ ಅಲ್ಲೊಂದು ಇಲ್ಲೊಂದು ಅರ್ಕಾವತ್ತು ಜಾಗ ತಪ್ಪಿ ಕೂಡುತ್ತದೆ. ಲಗ್ನಪತ್ರಿಕೆಯಲ್ಲಿ ಮಾವನ ಹೆಸರು ತಪ್ಪಾದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ. ಸ್ವಾತಂತ್ರ್ಯ ಒಳ್ಳೆಯದು ಎಂದು ಹೇಳುವವಳು ನಾನು, ಅದರ ಕಂದಾಯ ಕಟ್ಟುವವಳು ಅವಳು. ನನಗೆ ತಿಂಗಳಿಗೆ ಸಂಬಳ ಬರುತ್ತದೆ. ಅವಳ ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತಲು ಬಂದ ಮುದುಕಿ ಎರಡು ಸಲ ಹಿಂತಿರುಗಿದರೆ ಮೂರನೆಯ ಸಲ ಬೇರೆ ಅಂಗಡಿಗೆ ಹೋಗುತ್ತಾಳೆ. ಸರಿಯಾದ ದಾರಿ ಎಂದು ಗೊತ್ತಿರುವುದನ್ನು ಇನ್ನೊಬ್ಬರ ಹೊಟ್ಟೆಯ ಖರ್ಚಿನಲ್ಲಿ ಬೋಧಿಸಬಹುದೇ?

ಈ ತಪ್ಪು ನಮ್ಮ ಸೀಮೆಯಲ್ಲಿ ಒಮ್ಮೆ ನಡೆದುಹೋಗಿದೆ. ಕೈಮಗ್ಗ ಉಳಿಯಬೇಕು, ನೇಕಾರ ಕುಣಿಮಗ್ಗದಿಂದ ಏಳಬಾರದು ಎಂದು ಭಾಷಣ ಮಾಡಿದವರು ಮೈಮೇಲೆ ಹಾಕಿಕೊಂಡು ಬಂದದ್ದು ಗಿರಣಿಯ ಬಟ್ಟೆ. ನಾವು ಹೆಂಗಸರೂ ಹಾಗೆಯೇ. ಕೈಮಗ್ಗದ ಸೀರೆಯನ್ನು ಮುಟ್ಟಿ ಹೊಗಳಿ, ಬೆಲೆ ಕೇಳಿ, ಪಕ್ಕದ ಅಂಗಡಿಯಲ್ಲಿ ಸಿಂಥೆಟಿಕ್ ಕೊಂಡೆವು. ರಬಕವಿ-ಬನಹಟ್ಟಿಯ ನೇಕಾರ ವಿದ್ಯುತ್ ಮಗ್ಗಕ್ಕೆ ಹೋದಾಗ ಅವನಿಗೆ ಆದರ್ಶವಿಲ್ಲವೆಂದು ದೂರಿದವರೂ ಇದ್ದರು. ಆದರ್ಶದ ಭಾರವನ್ನು ಹೊರಬೇಕಾದದ್ದು ಹೊರಬಲ್ಲವರು ಎಂಬುದು ನನ್ನ ಅಭಿಪ್ರಾಯ. ಎಪ್ಪತ್ತು ಸಾವಿರ ಸಾಲ ಮಾಡಬೇಕಾದವಳ ಹೆಗಲಿಗೆ ಅದನ್ನು ಹೊರಿಸುವುದು ಅನ್ಯಾಯ.

ಹೊರಬಲ್ಲವರು ಯಾರು? ಶಾಲೆಗಳು, ಕಚೇರಿಗಳು, ಸರಕಾರ, ನನ್ನಂಥ ಸಂಬಳದವರು. ಕೇರಳವನ್ನು ನೋಡಿ. ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ 2000ರ ದಶಕದಲ್ಲಿಯೇ ಅಲ್ಲಿಯ ಸರಕಾರಿ ಶಾಲೆಗಳನ್ನು ಲಿನಕ್ಸಿಗೆ ತಂದರು. ಪಾಠ, ಪರೀಕ್ಷೆ, ಶಿಕ್ಷಕರ ತರಬೇತಿ ಎಲ್ಲ ಒಟ್ಟಿಗೆ ಬದಲಾದದ್ದರಿಂದ ಒಬ್ಬೊಬ್ಬ ಶಿಕ್ಷಕಿಯೂ ಒಂಟಿಯಾಗಿ ಹಟ ಹಿಡಿಯಬೇಕಾಗಲಿಲ್ಲ. ನಾವು ತರಬೇತಿಯಲ್ಲಿ ಉಬುಂಟು ಕಲಿತು ಶಾಲೆಗೆ ಬಂದರೆ ಕಚೇರಿಯ ಪತ್ರವ್ಯವಹಾರ ವಿಂಡೋಸಿನಲ್ಲಿ, ಸುತ್ತೋಲೆ ಹಳೆಯ ನುಡಿಯಲ್ಲಿ. ಕಲಿತದ್ದು ಒಂದೇ ಬೇಸಿಗೆಯಲ್ಲಿ ಮರೆತುಹೋಯಿತು. ಹೆಬ್ಬೆಟ್ಟಿನ ಯಂತ್ರ ಎಲ್ಲ ವ್ಯವಸ್ಥೆಗಳಲ್ಲೂ ನಡೆಯಲೇಬೇಕೆಂದು ಕೊಳ್ಳುವ ಮೊದಲೇ ಷರತ್ತು ಹಾಕಬಲ್ಲದ್ದು ಸರಕಾರ. ಬನಹಟ್ಟಿಯ ಒಬ್ಬ ಹೆಣ್ಣುಮಗಳು ಆ ಷರತ್ತನ್ನು ಯಾರಿಗೆ ಹಾಕಬೇಕು?

ಸದ್ಯಕ್ಕೆ ಅವಳ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಉಬುಂಟುವಿನಲ್ಲಿದೆ. ಟೈಪಿಂಗು, ಅರ್ಜಿ ಅದರಲ್ಲಿ. ಇನ್ನೊಂದರಲ್ಲಿ ಹಳೆಯ ವಿಂಡೋಸೇ ಇದೆ, ಹೆಬ್ಬೆಟ್ಟಿನ ಕೆಲಸಕ್ಕಷ್ಟೇ ಅದನ್ನು ಜಾಲಕ್ಕೆ ಜೋಡಿಸುತ್ತಾಳೆ. ದುಡ್ಡು ಕೂಡಿದಾಗ ಅದೊಂದನ್ನು ಬದಲಿಸುತ್ತಾಳಂತೆ. ನಾನು ಅವಳ ಹಳೆಯ ಪತ್ರಿಕೆಗಳ ನಕಲು ತಂದು, ಸಂಜೆ ಹೊತ್ತು ಯೂನಿಕೋಡಿಗೆ ತಿರುಗಿಸಿ, ಅರ್ಕಾವತ್ತುಗಳನ್ನು ಒಂದೊಂದಾಗಿ ಜಾಗಕ್ಕೆ ಕೂರಿಸುತ್ತಿದ್ದೇನೆ. ನಮ್ಮ ಶಾಲೆಯ ಕೋಣೆಯಲ್ಲಿ ಗುಜರಿಗೆಂದು ಬಟ್ಟೆ ಮುಚ್ಚಿಟ್ಟಿದ್ದ ಆರು ಯಂತ್ರಗಳಲ್ಲಿ ನಾಲ್ಕಕ್ಕೆ ಉಬುಂಟು ಹಾಕಲು ಮುಖ್ಯಾಧ್ಯಾಪಕರು ಒಪ್ಪಿದ್ದಾರೆ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಎಡವಲು ಹಳೆಯ ರೂಢಿಯೇ ಇಲ್ಲ. ಮೊದಲ ದಿನವೇ ಒಬ್ಬಳು, “ಅಕ್ಕೋರ, ಇದರಾಗ ನಮ್ಮ ಅಪ್ಪನ ಮಗ್ಗದ ನೂಲಿನ ಲೆಕ್ಕ ಇಡಾಕ ಬರತೈತೇನ್ರಿ?” ಎಂದು ಕೇಳಿದಳು. ಬರುತ್ತದೆ ಎಂದೆ. ಈಗ ಶನಿವಾರದ ಕೊನೆಯ ಅವಧಿಯಲ್ಲಿ ಬೀಮು, ಉಂಕಿ, ಹಾಸು, ಹೊಕ್ಕು ಎಂದು ಕಾಲಮ್ಮು ಎಳೆಯುತ್ತ ಕೂತಿದ್ದೇವೆ. ನೂಲಿನ ಲೆಕ್ಕ ನನಗೇ ಸರಿಯಾಗಿ ಬಾರದು, ಅದನ್ನು ಅವಳೇ ಹೇಳಿಕೊಡುತ್ತಿದ್ದಾಳೆ.