ವಿದೇಶವಿದ್ಯೆಯೂ ನಿರಾಶೆಯೂ

ವಿದ್ಯಾರ್ಜನೆಗಾಗಿ ಕಡಲನ್ನು ದಾಟಿದವನು ನಿರಾಶನಾಗಿ ಹಿಂದಿರುಗಿದರೆ ಅವನ ಶ್ರಮವೆಲ್ಲವೂ ವ್ಯರ್ಥವಾಯಿತೆನ್ನಬಹುದೆ? ಜಪಾನ್ ದೇಶದ ಕಾದಂಬರಿಕಾರನಾದ ನಾತ್ಸುಮೆ ಸೋಸೆಕಿಯ ವೃತ್ತಾಂತವು ಇಲ್ಲಿ ವಿಚಾರಾರ್ಹವಾಗಿದೆ.

ಇಂಗ್ಲಿಷ್ ಉಪಾಧ್ಯಾಯನಾಗಿದ್ದ ಈತನನ್ನು ಅಲ್ಲಿನ ಸರ್ಕಾರವು 1900ರಲ್ಲಿ ಲಂಡನ್ನಿಗೆ ಕಳುಹಿಸಿತು. ಕೊಟ್ಟ ವೇತನವು ಸಾಲಲಿಲ್ಲ. ಯೂನಿವರ್ಸಿಟಿ ಕಾಲೇಜಿನ ಉಪನ್ಯಾಸಗಳು ರುಚಿಸಲಿಲ್ಲ. ಷೇಕ್ಸ್‌ಪಿಯರ್ ಪಂಡಿತನಾದ ಕ್ರೇಗನಲ್ಲಿ ಕೆಲಕಾಲ ಪಾಠ ಹೇಳಿಸಿಕೊಂಡು, ಕಡೆಗೆ ಅದನ್ನೂ ಬಿಟ್ಟು, ಬಾಡಿಗೆಯ ಕೋಣೆಯಲ್ಲಿ ಗ್ರಂಥಗಳ ನಡುವೆ ಒಂಟಿಯಾಗಿ ಕುಳಿತನು. ಬುದ್ಧಿಭ್ರಮಣೆಯಾಗಿದೆಯೆಂಬ ವದಂತಿಯೂ ಹಬ್ಬಿತು. ಆ ಎರಡು ವರ್ಷಗಳು ತೀರ ಅಸುಖಕರವಾಗಿದ್ದುವೆಂದು ಆತನೇ ಬರೆದಿದ್ದಾನೆ.

ಆದರೆ ಅಲ್ಲಿಯೇ ಆತನಿಗೆ ಅರಿವು ಮೂಡಿತು: ಸಾಹಿತ್ಯದಲ್ಲಿ ಪರರ ತೀರ್ಪನ್ನು ಗಿಳಿಯಂತೆ ಒಪ್ಪಿಸುವುದು ವಿದ್ಯೆಯಲ್ಲ, ತನ್ನ ನಿರ್ಣಯಕ್ಕೆ ತಾನೇ ಆಧಾರವಾಗಬೇಕು. ಇದನ್ನು 1914ರ ಉಪನ್ಯಾಸವೊಂದರಲ್ಲಿ ವಿವರಿಸಿದನು.

ಇಷ್ಟನ್ನು ಮನೆಯಲ್ಲಿಯೇ ಕಲಿಯಬಾರದಾಗಿತ್ತೆ ಎಂದು ಕೆಲವರು ಕೇಳಬಹುದು. ದೂರದ ಬೆಟ್ಟ ನುಣ್ಣಗೆ. ಹತ್ತಿದವನಿಗೇ ಕಲ್ಲುಮುಳ್ಳುಗಳ ಪರಿಚಯ. ಗುರುಪೀಠವೆಂದು ನಂಬಿದುದನ್ನು ಸಮೀಪದಿಂದ ಕಾಣದೆ ಆ ಭ್ರಮೆಯು ಹರಿಯದು.

ನಿರಾಶೆಯು ಎಲ್ಲರಿಗೂ ಗುರುವಾಗುವುದಿಲ್ಲ. ಎಷ್ಟೋ ಮಂದಿಯನ್ನು ಅದು ಮುರಿದುಹಾಕುತ್ತದೆ. ಆದುದರಿಂದ, ಸಾಲಮಾಡಿ ಮಗನನ್ನು ಕಳುಹಿಸಿದ ತಾಯ್ತಂದೆಗಳು, ಬಾಡಿದ ಮುಖದಿಂದ ಬಂದವನನ್ನು ‘ಏನು ಗಳಿಸಿದೆ?’ ಎನ್ನುವ ಮೊದಲು ‘ಏನನ್ನು ಕಂಡೆ?’ ಎಂದು ಕೇಳುವುದೇ ಧರ್ಮ.